ಕಲ್ಲಚ್ಚಿನಲ್ಲಿ ಪತ್ರಿಕೆ ಮಾಡಿದ ಮೋಗ್ಲಿಂಗ್ ಪಾದ್ರಿ



ಈ ತಿಂಗಳು ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಎಂದು ನಮ್ಮ ಮೇಷ್ಟ್ರು ಹೇಳಿದರು. ಎಲ್ಲರೂ ಗಾಂಧೀಜಿ, ವಿವೇಕಾನಂದ, ಸರ್ ಎಂ. ವಿಶ್ವೇಶ್ವರಯ್ಯ ಇವರ ಬಗ್ಗೆಯೇ ಬರೆಯುತ್ತೇವೆ. ನಾನೂ ವಿಶ್ವೇಶ್ವರಯ್ಯನವರ ಬಗ್ಗೆ ಬರೀತೀನಿ ಅಂದೆ. ಅದಕ್ಕೆ ಮೇಷ್ಟ್ರು ನಕ್ಕು, ನೀನು ಎರಡು ವರ್ಷದಿಂದ ಈ ಪತ್ರಿಕೆ ಬರೀತಾ ಇದ್ದೀಯಲ್ಲ, ಕನ್ನಡದಲ್ಲಿ ಮೊದಲು ಪತ್ರಿಕೆ ಮಾಡಿದವರು ಯಾರು ಗೊತ್ತಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಒಂದು ಹಳೇ ಪುಸ್ತಕ ತಂದುಕೊಟ್ಟರು. ಅದನ್ನು ಎರಡು ಸಾರಿ ಓದಿದೆ. ತಿಳಿಯದ್ದನ್ನು ಮೇಷ್ಟ್ರನ್ನು ಕೇಳಿ ತಿಳಕೊಂಡೆ. ಆಮೇಲೆ ಇದನ್ನು ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಐದು ಡ್ರಾಯಿಂಗ್ ಶೀಟು ಹಿಡಿದಿದೆ. ದಯವಿಟ್ಟು ಕೊನೆಯವರೆಗೂ ಓದಿ. ಯಾಕಂದ್ರೆ ಕೊನೆಯಲ್ಲಿ ನನ್ನದೂ ಒಂದು ವಿಷಯ ಇದೆ.

ಅವರ ಹೆಸರು ಹರ್ಮನ್ ಮೋಗ್ಲಿಂಗ್. ಹೆಸರು ಕೇಳಿದರೆ ನಮ್ಮ ಕಡೆಯವರಲ್ಲ ಅಂತ ಗೊತ್ತಾಗುತ್ತದೆ. ಅವರು ಜರ್ಮನಿಯವರು. 1811ನೇ ಇಸವಿ ಮೇ 29ರಂದು ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗನ್ ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿದರು. ಅಲ್ಲೇ ಒಂದು ಚರ್ಚಿನಲ್ಲಿ ಪಾದ್ರಿಯಾಗಿ ಸುಖವಾಗಿ ಇರಬಹುದಿತ್ತು. ಆದರೆ ಅವರಿಗೆ ದೂರದ ದೇಶಕ್ಕೆ ಹೋಗಿ ಯೇಸುವಿನ ವಿಚಾರ ತಿಳಿಸಬೇಕು ಅನ್ನೋ ಹಂಬಲ ಇತ್ತು. ಅದಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿದ್ದ ಬಾಸೆಲ್ ಮಿಷನ್ ಎಂಬ ಸಂಸ್ಥೆಗೆ ಸೇರಿದರು. ಈ ಸಂಸ್ಥೆ 1815ರಲ್ಲಿ ಶುರುವಾದದ್ದು.

ಆಗ ನಮ್ಮ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪನಿ ಆಳ್ವಿಕೆ ಇತ್ತು. ಬ್ರಿಟಿಷರಲ್ಲದ ಬೇರೆ ದೇಶದ ಪಾದ್ರಿಗಳು ಇಲ್ಲಿಗೆ ಬಂದು ಕೆಲಸ ಮಾಡೋದು ಮೊದಲು ಸುಲಭ ಇರಲಿಲ್ಲ. 1833ರಲ್ಲಿ ಕಾನೂನು ಬದಲಾಯಿತು. ಮಾರನೇ ವರ್ಷವೇ, ಅಂದರೆ 1834ರಲ್ಲಿ, ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಅದಾಗಿ ಎರಡು ವರ್ಷಕ್ಕೆ, 1836ರಲ್ಲಿ, ಮೋಗ್ಲಿಂಗರು ಬಂದರು. ಆಗ ಅವರಿಗೆ 25 ವರ್ಷ. ವಿಮಾನ ಇರಲಿಲ್ಲ, ಹಡಗಿನಲ್ಲಿ ತಿಂಗಳುಗಟ್ಟಲೆ ಬರಬೇಕಿತ್ತು. ನಾನು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಬರೋದರೊಳಗೆ ತಲೆ ಸುತ್ತುತ್ತದೆ. ಅವರು ಹೇಗೆ ಬಂದರೋ ದೇವರಿಗೇ ಗೊತ್ತು.

ಮಂಗಳೂರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ನಾವು ಹುಟ್ಟಿದಾಗಿನಿಂದ ಮಾತಾಡ್ತಾ ಇದ್ದರೂ ಅಲ್ಪಪ್ರಾಣ ಮಹಾಪ್ರಾಣ ತಪ್ಪು ಮಾಡ್ತೀವಿ. ಅವರು ದೊಡ್ಡವರಾದ ಮೇಲೆ ಅ ಆ ಇ ಈ ಇಂದ ಶುರು ಮಾಡಿದರು. ಕಲಿತು ಸುಮ್ಮನೆ ಕೂರಲಿಲ್ಲ. ಹುಡುಗರಿಗೆ ಶಾಲೆ ನಡೆಸಿದರು. ಹುಡುಗರನ್ನು ತಮ್ಮ ಜೊತೆಯಲ್ಲೇ ಇಟ್ಟುಕೊಂಡು ಓದು ಕಲಿಸಿದರು. ಈಗ ನಾವು ಅದನ್ನು ಹಾಸ್ಟೆಲ್ಲು ಅಂತೀವಿ. ಬೇರೆ ದೊರೆಗಳ ಹಾಗೆ ದೂರ ಇದ್ದು ಹುಕುಂ ಮಾಡಬಾರದು, ಜನರ ಹಾಗೆ ಸರಳವಾಗಿ ಇರಬೇಕು ಅನ್ನೋದು ಅವರ ಅಭಿಪ್ರಾಯ.

ಅವರು ಬಂದದ್ದು ಧರ್ಮ ಪ್ರಚಾರಕ್ಕೆ. ಇದನ್ನು ಮುಚ್ಚಿಡಬಾರದು ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ. ಜನರು ಕ್ರೈಸ್ತ ಧರ್ಮಕ್ಕೆ ಸೇರಬೇಕು ಅನ್ನೋದೇ ಅವರ ಆಸೆ. ಪತ್ರಿಕೆ ಮಾಡಬೇಕು, ಕನ್ನಡದ ಹಳೇ ಕಾವ್ಯ ಉಳಿಸಬೇಕು ಅಂತ ಜರ್ಮನಿಯಿಂದ ಹೊರಟವರಲ್ಲ. ಅದೆಲ್ಲ ಆಮೇಲೆ ಬಂದದ್ದು.

ಈಗ ಪತ್ರಿಕೆಯ ವಿಷಯಕ್ಕೆ ಬರೋಣ.

ಆಗ ಕನ್ನಡದಲ್ಲಿ ಒಂದೂ ಸುದ್ದಿಪತ್ರಿಕೆ ಇರಲಿಲ್ಲ. ಜನಕ್ಕೆ ಸುದ್ದಿ ಕೇಳೋ ಆಸೆ ಬಹಳ. ಆದರೆ ಯಾವುದು ನಿಜ, ಯಾವುದು ಸುಳ್ಳು ಅಂತ ತಿಳಿಯೋಕೆ ದಾರಿ ಇರಲಿಲ್ಲ. ಸಂತೆಯಲ್ಲಿ ಒಬ್ಬ ಒಂದು ಹೇಳಿದರೆ ಊರು ಸೇರೋ ಹೊತ್ತಿಗೆ ಅದು ಹತ್ತಾಗುತ್ತಿತ್ತು. ಇದನ್ನು ನೋಡಿ ಮೋಗ್ಲಿಂಗರು 1843ನೇ ಇಸವಿ ಜುಲೈ 1ರಂದು ಮಂಗಳೂರ ಸಮಾಚಾರ ಎಂಬ ಪತ್ರಿಕೆ ಹೊರಡಿಸಿದರು. ಕನ್ನಡದ ಮೊದಲನೇ ಪತ್ರಿಕೆ ಇದೇ. ಹದಿನೈದು ದಿನಕ್ಕೆ ಒಂದು ಸಂಚಿಕೆ. ನಾಲ್ಕು ಪುಟ. ಬೆಲೆ ಒಂದು ದುಡ್ಡು. ಅದರಲ್ಲಿ ಊರಿನ ಸುದ್ದಿ, ಸರ್ಕಾರದ ಕಾನೂನು, ಬೇರೆ ದೇಶಗಳ ಸಮಾಚಾರ, ನೀತಿ ಮಾತು, ಕಥೆ ಎಲ್ಲಾ ಇರುತ್ತಿತ್ತು.

ಈ ಪತ್ರಿಕೆಯನ್ನು ಅಚ್ಚು ಹಾಕಿದ್ದು ಹೇಗೆ ಅಂತ ಓದಿದಾಗ ನನಗೆ ಬಹಳ ಸಂತೋಷ ಆಯ್ತು. ಅದು ಕಲ್ಲಚ್ಚು! ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದಿದ್ದರು. ಕಲ್ಲಚ್ಚು ಅಂದ ಕೂಡಲೇ ನಾನು ನಮ್ಮೂರ ಕೆರೆ ಏರಿ ಮೇಲಿರೋ ವೀರಗಲ್ಲಿನ ಹಾಗೆ ಉಳಿಯಲ್ಲಿ ಕೆತ್ತುತ್ತಿದ್ದರು ಅಂದುಕೊಂಡಿದ್ದೆ. ಹಾಗಲ್ಲವಂತೆ. ನುಣ್ಣಗೆ ಉಜ್ಜಿದ ಒಂದು ಜಾತಿಯ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿರೋ ಮಸಿಯಲ್ಲಿ ಬರೆಯಬೇಕು. ನೇರ ಕಲ್ಲಿನ ಮೇಲೆ ಬರೆಯೋದಾದರೆ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಾ ಬರೀಬೇಕು. ಇಲ್ಲದಿದ್ದರೆ ಕಾಗದದ ಮೇಲೆ ಬರೆದು ಅದನ್ನು ಕಲ್ಲಿಗೆ ಒತ್ತಿ ಇಳಿಸಬೇಕು. ಆಮೇಲೆ ಕಲ್ಲಿಗೆ ನೀರು ಸವರಬೇಕು. ಜಿಡ್ಡಿರೋ ಕಡೆ ನೀರು ನಿಲ್ಲೋದಿಲ್ಲ, ಉಳಿದ ಕಡೆ ಒದ್ದೆಯಾಗುತ್ತದೆ. ಆಮೇಲೆ ಅಚ್ಚಿನ ಮಸಿ ಉರುಳಿಸಿದರೆ ಅಕ್ಷರಕ್ಕೆ ಮಾತ್ರ ಮಸಿ ಹತ್ತುತ್ತದೆ, ಒದ್ದೆ ಜಾಗಕ್ಕೆ ಹತ್ತೋದಿಲ್ಲ. ಅದರ ಮೇಲೆ ಕಾಗದ ಇಟ್ಟು ಒತ್ತಿದರೆ ಅಚ್ಚು ಬರುತ್ತದೆ. ಎಣ್ಣೆ ಮತ್ತು ನೀರು ಸೇರೋದಿಲ್ಲ ಅಂತ ವಿಜ್ಞಾನದ ಪಾಠದಲ್ಲಿ ಓದಿದ್ದೀವಲ್ಲ, ಅಷ್ಟೇ ಇದರ ಗುಟ್ಟು. ಇದನ್ನು 1796ರಲ್ಲಿ ಕಂಡುಹಿಡಿದವರು ಜರ್ಮನಿಯ ಆಲೋಯಿಸ್ ಸೆನೆಫೆಲ್ಡರ್.

ಅಂದರೆ ಏನಾಯ್ತು? ಕನ್ನಡದ ಮೊದಲ ಪತ್ರಿಕೆ ಕೈಬರಹದ್ದು! ಯಾರೋ ಒಬ್ಬರು ಕೂತು ದುಂಡಗೆ ಅಕ್ಷರ ಬರೆದದ್ದೇ ಅಚ್ಚಾಗುತ್ತಿತ್ತು. ನಮ್ಮ ಗೋಡೆ ಪತ್ರಿಕೆಯೂ ಕೈಬರಹದ್ದೇ. ಹಾಗಾದರೆ ನಾವು ಆ ಪತ್ರಿಕೆಯ ಮರಿಮಕ್ಕಳ ಮರಿಮಕ್ಕಳು ಅಂತ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮೊದಲು ಕೊಟ್ಟಿಗೆ ಗುಡಿಸು ಅಂದರು.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಆರನೇ ಕ್ಲಾಸಿನಲ್ಲಿ ಇದ್ದಾಗ ನಾನು ಗೋಡೆ ಪತ್ರಿಕೆಯಲ್ಲಿ ಕೆರೆ ಹತ್ತಿರ ಚಿರತೆ ಬಂದಿದೆ, ಹೆಜ್ಜೆ ಕಂಡಿದೆ ಅಂತ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ. ನಾನು ಹೆಜ್ಜೆ ನೋಡಿರಲಿಲ್ಲ. ಯಾರೋ ಹೇಳಿದ್ದು, ಇನ್ಯಾರೋ ಫೋನಿನಲ್ಲಿ ಫೋಟೋ ತೋರಿಸಿದ್ದು. ಮಾರನೇ ದಿನ ಕೆರೆ ಆಚೆ ಕಡೆಯಿಂದ ಬರೋ ಮಕ್ಕಳು ಶಾಲೆಗೇ ಬರಲಿಲ್ಲ. ಎರಡು ದಿನ ಆದ ಮೇಲೆ ಅದು ನಾಯಿ ಹೆಜ್ಜೆ ಅಂತ ಗೊತ್ತಾಯ್ತು. ಫೋಟೋ ಬೇರೆ ಯಾವುದೋ ಊರಿನದು. ಮೇಷ್ಟ್ರು ಹೊಡೆಯಲಿಲ್ಲ. ಬರೆದವರು ನೋಡಿ ಬರೆದಿದ್ದಾರೆ ಅಂತ ಓದುವವರು ನಂಬ್ತಾರೆ, ಆ ನಂಬಿಕೆ ಒಂದು ಸಾರಿ ಹೋದರೆ ಬರೋದಿಲ್ಲ ಅಂತ ಮಾತ್ರ ಹೇಳಿದರು. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮೋಗ್ಲಿಂಗರು ಯಾಕೆ ಪತ್ರಿಕೆ ಶುರು ಮಾಡಿದರು ಅಂತ ಓದಿದಾಗ ನನಗೆ ಆ ಚಿರತೆ ನೆನಪಾಯ್ತು. 1843ರಲ್ಲಿ ಫೋನಿರಲಿಲ್ಲ, ಆದರೂ ಗಾಳಿ ಮಾತು ಇತ್ತು. ಈಗ ಫೋನಿದೆ, ಆದರೂ ಗಾಳಿ ಮಾತು ಇದ್ದೇ ಇದೆ.

ಮಂಗಳೂರ ಸಮಾಚಾರ ಎಷ್ಟು ವರ್ಷ ನಡೆಯಿತು ಅಂದುಕೊಂಡಿರಿ? ಒಂದು ವರ್ಷವೂ ತುಂಬಲಿಲ್ಲ. 1844ರಲ್ಲಿ ಅದು ಬಳ್ಳಾರಿಗೆ ಹೋಯಿತು. ಅಲ್ಲಿ ಸೀಸದ ಮೊಳೆ ಅಚ್ಚು ಇತ್ತು. ಹೆಸರು ಕನ್ನಡ ಸಮಾಚಾರ ಅಂತ ಆಯ್ತು. ಅದೂ ಬಹು ಕಾಲ ನಡೆಯಲಿಲ್ಲ, ನಿಂತುಹೋಯಿತು. ಆಗಿನ ಜನರ ಲೆಕ್ಕದಲ್ಲಿ ಮೋಗ್ಲಿಂಗರ ಪತ್ರಿಕೆ ಸೋತ ಹಾಗೆಯೇ.

ಅದೇ 1844ನೇ ಇಸವಿ ಜನವರಿಯಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. ಅವರ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕರು ಕ್ರೈಸ್ತರಾದರು. ಅವರು ಹುಟ್ಟಿದ್ದು 1825ರಲ್ಲಿ, ಅಂದರೆ ಆಗ ಹದಿನೆಂಟು ಹತ್ತೊಂಬತ್ತು ವಯಸ್ಸು. ತಮ್ಮ ಗುರುಗಳ ಹೆಸರನ್ನೇ ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಮಂಗಳೂರಿನಲ್ಲಿ ದೊಡ್ಡ ಗಲಾಟೆ ಆಯ್ತು. ಅವರಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಅವರ ಜೊತೆ ಬರಲು ಒಪ್ಪಲಿಲ್ಲ. ಈ ಭಾಗ ಓದಿದಾಗ ನನಗೆ ಯಾರ ಕಡೆ ಸರಿ ಅಂತ ತಿಳಿಯಲಿಲ್ಲ. ನಮ್ಮಜ್ಜಿಗೆ ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗನಿಗೆ ಸತ್ಯ ಅನ್ನಿಸಿದ್ದನ್ನು ಅವನು ಮಾಡಿದ, ಆದರೆ ಆ ಹೆಣ್ಣುಮಗಳ ಕಷ್ಟ ಯಾರು ಬರೆದರು ಅಂತ ಕೇಳಿದರು. ನಾನು ಪುಸ್ತಕದಲ್ಲಿ ಹುಡುಕಿದೆ. ಅವರ ಬಗ್ಗೆ ಒಂದು ಸಾಲು ಮಾತ್ರ ಇತ್ತು.

ಮೋಗ್ಲಿಂಗರು 1846ರಲ್ಲಿ ಊರಿಗೆ ಹೋಗುವಾಗ ಕೌಂಡಿನ್ಯರನ್ನೂ ಕರೆದುಕೊಂಡು ಹೋದರು. ಕೌಂಡಿನ್ಯರು ಬಾಸೆಲಿನಲ್ಲಿ ಐದು ವರ್ಷ ಓದಿ 1851ರಲ್ಲಿ ಪಾದ್ರಿಯಾಗಿ ವಾಪಸ್ಸು ಬಂದರು. ಮಂಗಳೂರಿನಲ್ಲಿ ಅವರೂ ಮೇಷ್ಟ್ರಾಗಿ ಇನ್ನೂ ಎಷ್ಟೋ ಹುಡುಗರಿಗೆ ಪಾಠ ಹೇಳಿದರು. ಕೊಡಗಿನಲ್ಲೂ ಕೆಲಸ ಮಾಡಿದರು. ಗುರುಗಳು ದೇಶ ಬಿಟ್ಟು ಹೋದ ಮೇಲೂ ಶಿಷ್ಯರ ಕೆಲಸ ಬಹಳ ವರ್ಷ ನಡೆಯಿತು. ಅವರು ತೀರಿಕೊಂಡದ್ದು 1893ರಲ್ಲಿ.

ಈಗ ನನಗೆ ಎಲ್ಲಕ್ಕಿಂತ ಆಶ್ಚರ್ಯವಾದ ವಿಷಯ ಹೇಳುತ್ತೇನೆ.

ಆಗ ಕನ್ನಡದ ಕಾವ್ಯಗಳು ಹೆಚ್ಚಾಗಿ ಓಲೆಗರಿಯಲ್ಲಿ ಇದ್ದವು. ಒಂದೊಂದು ಮನೆಯಲ್ಲಿ, ಒಂದೊಂದು ಮಠದಲ್ಲಿ ಕಟ್ಟು ಕಟ್ಟಿ ಇಟ್ಟಿದ್ದರು. ಹುಳ ತಿಂದರೆ ಮುಗೀತು, ಬೆಂಕಿ ಬಿದ್ದರೆ ಮುಗೀತು. ಮದರಾಸಿನ ಕಡೆ ನ್ಯಾಯಾಧೀಶರಾಗಿದ್ದು ನೀಲಗಿರಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ಸಾಹೇಬರು ಇವುಗಳನ್ನು ಅಚ್ಚು ಹಾಕಲು ಹಣ ಕೊಡಲು ಮುಂದೆ ಬಂದರು. ಮೋಗ್ಲಿಂಗರು ಕೆಲಸ ವಹಿಸಿಕೊಂಡರು. 1848ರಿಂದ 1853ರವರೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಒಂದೊಂದಾಗಿ ದೊಡ್ಡ ದೊಡ್ಡ ಪುಸ್ತಕಗಳು ಕಲ್ಲಚ್ಚಿನಲ್ಲಿ ಹೊರಬಂದವು. ಲಕ್ಷ್ಮೀಶನ ಜೈಮಿನಿ ಭಾರತ ಬಂತು. ಭೀಮಕವಿಯ ಬಸವ ಪುರಾಣ ಬಂತು. ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ ಬಂತು. 1850ರಲ್ಲಿ ದಾಸರ ಪದಗಳು ಎಂಬ ಪುಸ್ತಕ ಬಂತು. ಪುರಂದರದಾಸರು, ಕನಕದಾಸರು ಮುಂತಾದ ಹರಿದಾಸರ ನೂರಕ್ಕೂ ಹೆಚ್ಚು ಹಾಡು ಅದರಲ್ಲಿ ಇದ್ದವು. ದಾಸರ ಪದಗಳನ್ನು ಹೀಗೆ ಒಟ್ಟುಗೂಡಿಸಿ ಅಚ್ಚು ಹಾಕಿಸಿದವರಲ್ಲಿ ಇವರೇ ಮೊದಲಿಗರು. ಕಸಮೇಜರ್ ಸಾಹೇಬರು 1849ರಲ್ಲೇ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಮೋಗ್ಲಿಂಗರು ಕನ್ನಡದ ಗಾದೆಗಳನ್ನೂ ಕೂಡಿಹಾಕಿದರು. ಕೆಲವು ದಾಸರ ಪದಗಳನ್ನು ಜರ್ಮನ್ ಭಾಷೆಗೂ ಮಾಡಿದರು.

ನಮ್ಮಜ್ಜಿ ಪ್ರತಿ ಶನಿವಾರ ಆಂಜನೇಯನ ಗುಡಿ ಭಜನೆಗೆ ಹೋಗುತ್ತಾರೆ. ಅಜ್ಜಿಗೆ ಓದು ಬರಹ ಬರೋದಿಲ್ಲ. ಆದರೆ ದಾಸರ ಪದ ಒಂದಾದ ಮೇಲೊಂದು ಬಾಯಲ್ಲೇ ಇವೆ. ಅಜ್ಜಿ, ಈ ಪದಗಳನ್ನು ಮೊದಲು ಪುಸ್ತಕ ಮಾಡಿದ್ದು ಒಬ್ಬ ಜರ್ಮನಿ ಪಾದ್ರಿ ಅಂತ ಹೇಳಿದೆ. ಅಜ್ಜಿ ನಂಬಲಿಲ್ಲ. ಏಸುವಿನ ಪಾದ್ರಿಗೆ ನಮ್ಮ ವಿಠಲನ ಪದ ಯಾಕೆ ಅಂತ ಕೇಳಿದರು. ನಾನೂ ಮೇಷ್ಟ್ರನ್ನು ಅದನ್ನೇ ಕೇಳಿದೆ. ಮೇಷ್ಟ್ರು ಎರಡು ಕಾರಣ ಹೇಳಿದರು. ಒಂದು, ಜನರ ಮನಸ್ಸು ತಿಳಿಯದೆ ಅವರಿಗೆ ಏನೂ ಹೇಳೋಕೆ ಆಗೋದಿಲ್ಲ, ಜನರ ಮನಸ್ಸು ಅವರ ಹಾಡಿನಲ್ಲಿ ಇರುತ್ತದೆ, ಅದಕ್ಕೆ ಪಾದ್ರಿಗಳು ಇವನ್ನು ಓದುತ್ತಿದ್ದರು. ಇನ್ನೊಂದು, ಓದುತ್ತಾ ಓದುತ್ತಾ ಅವರಿಗೆ ಕನ್ನಡದ ಮೇಲೆ ನಿಜವಾಗಿಯೂ ಪ್ರೀತಿ ಬಂತು. ಪ್ರೀತಿ ಇಲ್ಲದೆ ಅಷ್ಟು ದೊಡ್ಡ ಪುಸ್ತಕಗಳ ಕೆಲಸ ಯಾರೂ ಮಾಡಲಾರರು. ಅಜ್ಜಿಗೆ ಇದನ್ನು ಹೇಳಿದಾಗ, ಹಂಗಾದರೆ ಒಳ್ಳೇ ಮನುಷ್ಯ ಅಂದರು.

1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದರು. ಸೋಮಯ್ಯ ಎಂಬ ಒಬ್ಬ ಕೊಡವರು ಅವರನ್ನು ಹುಡುಕಿಕೊಂಡು ಬಂದು ಕರೆದಿದ್ದರು. ಕೊಡಗಿನ ಬಗ್ಗೆ ಅವರು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅದು 1855ರಲ್ಲಿ ನಮ್ಮ ಬೆಂಗಳೂರಿನಲ್ಲೇ ಅಚ್ಚಾಯಿತು. ಕೊಡವರಲ್ಲಿ ಅವರ ಧರ್ಮಕ್ಕೆ ಸೇರಿದವರು ತೀರಾ ಕಡಿಮೆ. ಆದರೆ ಅಲ್ಲಿ ಜೀತ ಮಾಡುತ್ತಿದ್ದ ಬಡ ಜನ ಕೆಲವರು ಸೇರಿದರು. ಅವರಿಗಾಗಿ ಆನಂದಪುರ ಎಂಬ ಹೊಸ ಊರು ಆಯ್ತು.

ಅವರ ಜೊತೆ ಮಿಷನ್ನಿನಲ್ಲಿ ವೈಗ್ಲೆ ಎಂಬ ಇನ್ನೊಬ್ಬ ಪಾದ್ರಿ ಇದ್ದರು. ಅವರೂ ಕನ್ನಡ ಪಂಡಿತರು, ಕನ್ನಡ ಬೈಬಲಿನ ಕೆಲಸ ಮಾಡಿದವರು. ಅವರು 1855ರಲ್ಲಿ ತೀರಿಕೊಂಡರು. ಮುಂದೆ ಮೋಗ್ಲಿಂಗರು ಅವರ ವಿಧವೆ ಪೌಲಿನಾ ಎಂಬುವರನ್ನು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದರು.

1858ರಲ್ಲಿ ಅವರು ಓದಿದ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ಅವರ ಕನ್ನಡ ಕೆಲಸಕ್ಕೆ ಸಿಕ್ಕ ಮರ್ಯಾದೆ. ಆದರೆ 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಅವರು ಜರ್ಮನಿಗೆ ಹೊರಟರು. ಮತ್ತೆ ಕನ್ನಡ ನಾಡಿಗೆ ಬರಲು ಆಗಲೇ ಇಲ್ಲ. ಸುಮಾರು 24 ವರ್ಷದ ಸಂಬಂಧ ಕಡಿದುಹೋಯಿತು. 1881ರ ಮೇ 10ರಂದು ಎಸ್‌ಲಿಂಗನ್ ಎಂಬ ಊರಿನಲ್ಲಿ ತೀರಿಕೊಂಡರು. ಇನ್ನು 19 ದಿನ ಕಳೆದಿದ್ದರೆ 70 ವರ್ಷ ತುಂಬುತ್ತಿತ್ತು. ಅವರ ಸ್ನೇಹಿತ ಹರ್ಮನ್ ಗುಂಡರ್ಟ್ ಎಂಬುವರು ಮಾರನೇ ವರ್ಷ ಅವರ ಜೀವನ ಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು.

ಇಲ್ಲಿಗೆ ಅವರ ಕಥೆ ಮುಗೀತು ಅಂತ ನಾನು ಪುಸ್ತಕ ಮುಚ್ಚಿದ್ದೆ. ಮೇಷ್ಟ್ರು, ಇಲ್ಲ, ಈಗ ಲೆಕ್ಕ ಹಾಕು ಅಂದರು. ಅವರು ಏನು ಮಾಡಬೇಕು ಅಂತ ಬಂದರು, ಏನು ಉಳಿಯಿತು, ಎರಡು ಪಟ್ಟಿ ಬರಿ ಅಂದರು. ನಾನು ನೋಟ್ ಪುಸ್ತಕದಲ್ಲಿ ನಡುವೆ ಗೆರೆ ಎಳೆದು ಬರೆದೆ.

ಎಡಗಡೆ ಪಟ್ಟಿ ಚಿಕ್ಕದಾಯಿತು. ಧರ್ಮ ಪ್ರಚಾರ ಮಾಡಬೇಕು ಅಂತ ಬಂದರು. ಅವರು ಅಂದುಕೊಂಡಷ್ಟು ಜನ ಸೇರಲಿಲ್ಲ. ಪತ್ರಿಕೆ ನಿಂತಿತು. ಕೊಡಗಿನ ಕೆಲಸ ಅರ್ಧಕ್ಕೆ ಬಿಟ್ಟು ಹೋಗಬೇಕಾಯ್ತು.

ಬಲಗಡೆ ಪಟ್ಟಿ ಪುಟ ತುಂಬಿತು. ಅವರ ಪತ್ರಿಕೆ ಹೊರಟ ಜುಲೈ 1ನ್ನು ಇವತ್ತಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ ಅಂತ ಆಚರಿಸುತ್ತಾರೆ. ಕನ್ನಡ ಪತ್ರಿಕೋದ್ಯಮದ ಪಿತಾಮಹ ಅಂತ ಅವರನ್ನು ಕರೆಯುತ್ತಾರೆ. ಅವರ ಸ್ನೇಹಿತ ಗುಂಡರ್ಟರು ಕೇರಳದ ತಲಶ್ಶೇರಿಯಲ್ಲಿ 1847ರಲ್ಲಿ ರಾಜ್ಯಸಮಾಚಾರಂ ಎಂಬ ಪತ್ರಿಕೆ ತಂದರು. ಮಲಯಾಳದ ಮೊದಲ ಪತ್ರಿಕೆ ಅದು. ಅಂದರೆ ಇಬ್ಬರು ಸ್ನೇಹಿತರು ಎರಡು ಭಾಷೆಗೆ ಮೊದಲ ಪತ್ರಿಕೆ ಕೊಟ್ಟರು. ಆಮೇಲೆ ಕಿಟ್ಟೆಲ್ ಸಾಹೇಬರು. ಅವರ ಹೆಸರು ನಮಗೆಲ್ಲ ಗೊತ್ತು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಫರ್ಡಿನಂಡ್ ಕಿಟ್ಟೆಲ್ಲರು ಬಾಸೆಲ್ ಮಿಷನ್ನಿನವರೇ, 1853ರಲ್ಲಿ ಬಂದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟು ಮಾಡಿದರು. ಒಂದೊಂದು ಪದಕ್ಕೂ ಅದು ಎಲ್ಲಿ ಬಳಕೆಯಾಗಿದೆ ಅಂತ ತೋರಿಸಲು ಅವರಿಗೆ ಹಳೇ ಪುಸ್ತಕಗಳು ಬೇಕಿದ್ದವು. ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು ಇವನ್ನೆಲ್ಲ ಕಿಟ್ಟೆಲ್ಲರು ಬಳಸಿಕೊಂಡಿದ್ದಾರೆ. ಮೋಗ್ಲಿಂಗರು ಮೊದಲು ಕಲ್ಲಿನ ಮೇಲೆ ಅಚ್ಚು ಹಾಕಿಸಿದ್ದವೇ ಇವು. ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ದರು. ಕೊಯ್ಲು ನೋಡಲು ಮೋಗ್ಲಿಂಗರು ಇರಲಿಲ್ಲ. ನಿಘಂಟು ಬರುವ ಹೊತ್ತಿಗೆ ಅವರು ಹೋಗಿ 13 ವರ್ಷ ಆಗಿತ್ತು.

ಬಾಸೆಲ್ ಮಿಷನ್ನಿನವರು ಧರ್ಮ ಬದಲಾಯಿಸಿ ಕೆಲಸ ಕಳೆದುಕೊಂಡವರಿಗೆ ಬದುಕು ಬೇಕಲ್ಲ ಅಂತ ಮಗ್ಗದ ಕಾರ್ಖಾನೆ ಮಾಡಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಶುರು ಮಾಡಿದರು. ಅದು ಮೋಗ್ಲಿಂಗರ ಕೆಲಸವಲ್ಲ, ಅವರು ಆಗಲೇ ಊರಿಗೆ ಹೋಗಿದ್ದರು. ಆದರೆ ಅಲ್ಲಿಂದಲೇ ಮಂಗಳೂರು ಹಂಚು ಹೆಸರಾಯಿತು. ನಮ್ಮ ಶಾಲೆಯ ಹಳೇ ಕೊಠಡಿಗೂ ಮಂಗಳೂರು ಹಂಚೇ ಇದೆ. ಇದನ್ನು ಓದುತ್ತಾ ನಿಂತಿರುವವರು ಒಂದು ಸಾರಿ ತಲೆ ಎತ್ತಿ ನೋಡಿ. ನಮ್ಮ ದೊಡ್ಡಬಳ್ಳಾಪುರದ ಕಡೆ ಮಗ್ಗ ನೇಯುವವರಿಗೆ ಗೊತ್ತು, ಹಾಸು ಒಂದು ಕಡೆ, ಹೊಕ್ಕು ಒಂದು ಕಡೆ, ಸೀರೆ ಪೂರಾ ಆದ ಮೇಲೇ ಅಂಚು ಹೇಗೆ ಬಂತು ಅಂತ ಕಾಣೋದು. ನಮ್ಮಪ್ಪನೂ ಮಗ್ಗದ ಕೆಲಸ ಮಾಡ್ತಾರೆ, ಅದಕ್ಕೆ ಹೇಳಿದೆ.

ಈಗ ಕೊನೆಯದಾಗಿ ನನ್ನ ವಿಷಯ.

ನಮ್ಮ ಶಾಲೆಯಲ್ಲಿ ಏಳನೇ ಕ್ಲಾಸೇ ಕೊನೆ. ಪರೀಕ್ಷೆ ಮುಗಿದರೆ ನಾನು ಹೈಸ್ಕೂಲಿಗೆ ಹೋಗಬೇಕು. ಈ ಪತ್ರಿಕೆ ನಾನೇ ಬರೆಯೋದು, ನನ್ನ ಅಕ್ಷರ ದುಂಡಗಿದೆ ಅಂತ ನನಗೆ ಒಳಗೊಳಗೇ ಜಂಬ ಇತ್ತು. ಜೂನ್ ತಿಂಗಳಲ್ಲಿ ಮೇಷ್ಟ್ರು ಐದನೇ ಕ್ಲಾಸಿನ ಒಬ್ಬ ಹುಡುಗನನ್ನು ಕರೆದುಕೊಂಡು ಬಂದು, ಇವನಿಗೆ ಪತ್ರಿಕೆ ಬರೆಯೋದು ಕಲಿಸು ಅಂದರು. ನಾನು ಹೂಂ ಅಂದೆ. ಆದರೆ ಕಲಿಸಲಿಲ್ಲ. ಗೆರೆ ಹಾಕು, ಅಂಟು ಕಲಸು, ಪಿನ್ನು ತಾ ಅಂತ ಕೆಲಸ ಮಾತ್ರ ಮಾಡಿಸಿದೆ. ಅವನು ಒಂದು ಸಾರಿ ರೇಷ್ಮೆ ಹುಳುವಿನ ಬಗ್ಗೆ ಒಂದು ಪುಟ ಬರೆದುಕೊಂಡು ಬಂದ. ಅಕ್ಷರ ಕೋಳಿ ಕೆದರಿದ ಹಾಗಿತ್ತು, ಒತ್ತಕ್ಷರ ಎಲ್ಲಾ ತಪ್ಪು. ನಾನು ನಕ್ಕು ಅದನ್ನು ಬೇರೆಯವರಿಗೂ ತೋರಿಸಿದೆ. ಅವನು ಏನೂ ಅನ್ನಲಿಲ್ಲ, ಕಾಗದ ಮಡಿಸಿ ಜೇಬಿಗೆ ಇಟ್ಟುಕೊಂಡು ಹೋದ. ಆಮೇಲೆ ನಮ್ಮ ಗುಂಪಿನ ಕಡೆಗೇ ಬರಲಿಲ್ಲ.

ಮೋಗ್ಲಿಂಗರ ಪುಸ್ತಕ ಓದಿದ ಮೇಲೆ ಅವನು ನೆನಪಾದ. ಅಷ್ಟು ದೂರದಿಂದ ಬಂದವರು ಪರದೇಶದ ಹುಡುಗರನ್ನು ಜೊತೆಯಲ್ಲಿ ಇಟ್ಟುಕೊಂಡು ಕಲಿಸಿದರು. ಅವರೇ ಎಲ್ಲಾ ಬರೆದು ಹೋಗಿದ್ದರೆ ಅವರ ಜೊತೆಗೇ ಎಲ್ಲಾ ಹೋಗುತ್ತಿತ್ತು. ನಾನು ನಮ್ಮೂರ ಹುಡುಗನಿಗೆ ಒಂದು ಶೀಟು ಕೊಡಲಿಲ್ಲ. ಪತ್ರಿಕೆ ನನ್ನದು ಅಂದುಕೊಂಡಿದ್ದೆ. ನಾನು ಹೋದ ಮೇಲೆ ಗೋಡೆ ಖಾಲಿ ಇರುತ್ತದೆ ಅನ್ನೋದು ಯೋಚನೆಗೇ ಬಂದಿರಲಿಲ್ಲ.

ಹೋದ ವಾರ ಅವನ ಮನೆಗೆ ಹೋದೆ. ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಅವನು ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕ್ತಾ ಇದ್ದ. ತಪ್ಪಾಯ್ತು ಅಂತ ಹೇಳೋಕೆ ಹೋಗಿದ್ದೆ, ಬಾಯಿ ಬರಲಿಲ್ಲ. ರೇಷ್ಮೆ ಹುಳುವಿನ ಪುಟ ಇದೆಯಾ ಅಂತ ಕೇಳಿದೆ. ಹರಿದು ಹಾಕಿದೆ ಅಂದ. ಆಮೇಲೆ ಹುಳುಗಳನ್ನು ತೋರಿಸಿದ. ಹುಳು ನಾಲ್ಕು ಸಾರಿ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಅಂತಾರೆ, ಜ್ವರದಲ್ಲಿ ಸೊಪ್ಪು ತಿನ್ನೋದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ ಅಂತ ಹೇಳಿದ. ಎಲ್ಲಾ ಅವನೇ ಕಣ್ಣಾರೆ ನೋಡಿದ್ದು. ನನ್ನ ಚಿರತೆ ಸುದ್ದಿಗಿಂತ ಅದು ಎಷ್ಟೋ ಮೇಲು.

ಅವತ್ತಿನಿಂದ ದಿನಾ ಊಟದ ಬೆಲ್ಲಿನಲ್ಲಿ ಇಬ್ಬರೂ ಕೂತು ಬರೀತೀವಿ. ಅವನು ಒತ್ತಕ್ಷರ ಈಗ ಕಡಿಮೆ ತಪ್ಪು ಮಾಡ್ತಾನೆ. ನಾನು ಬೈಯೋದು ಕಡಿಮೆ ಮಾಡಿದ್ದೇನೆ, ಪೂರಾ ನಿಂತಿಲ್ಲ. ಈ ಲೇಖನದಲ್ಲಿ ಮೊದಲ ನಾಲ್ಕು ಶೀಟು ನಾನು ಬರೆದದ್ದು. ಐದನೇ ಶೀಟಿನ ಅಕ್ಷರ ಬೇರೆ ಥರ ಇದೆ ಅಂತ ನೀವು ಗಮನಿಸಿರಬಹುದು. ಅದು ಅವನ ಅಕ್ಷರ. ಈ ಸಾಲುಗಳನ್ನೂ ನಾನು ಹೇಳ್ತಾ ಇದ್ದೇನೆ, ಅವನು ಬರೀತಾ ಇದ್ದಾನೆ. ಅವನ ಬಗ್ಗೆ ಬರೆಯೋ ಜಾಗ ಬಂದಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಬರಿ ಅಂದೆ. ಬರೆದ.

ಮುಂದಿನ ತಿಂಗಳು ರೇಷ್ಮೆ ಹುಳುವಿನ ಲೇಖನ ಬರುತ್ತದೆ. ತಪ್ಪದೆ ಓದಿ. ಮಕ್ಕಳೇ, ನಿಮ್ಮಲ್ಲೂ ಯಾರಿಗಾದರೂ ಬರೆಯಲು ಆಸೆ ಇದ್ದರೆ ಊಟದ ಬೆಲ್ಲಿನಲ್ಲಿ ಬನ್ನಿ. ಅಕ್ಷರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ನೋಡಿದ್ದನ್ನೇ ಬರೆಯಬೇಕು, ಅಷ್ಟೇ.

ಈ ಲೇಖನದಲ್ಲಿ ತಪ್ಪುಗಳಿದ್ದರೆ ಕ್ಷಮಿಸಬೇಕಾಗಿ ಕೇಳಿಕೊಳ್ಳುತ್ತೇನೆ.

ಇಂತಿ,
ಏಳನೇ ತರಗತಿ ವಿದ್ಯಾರ್ಥಿನಿ
(ಕೊನೆಯ ಶೀಟು ಬರೆದವನು: ಐದನೇ ತರಗತಿ ವಿದ್ಯಾರ್ಥಿ)